ಆಡಿದ ಮಾತು, ಕೇಳಿದ ಅರ್ಥ

ರೇಡಿಯೋದಲ್ಲಿ ಮಾತನಾಡತಕ್ಕವನ ಸ್ಥಿತಿಯು ಒಂದು ವಿಷಯದಲ್ಲಿ ವಿಚಿತ್ರವಾದುದು. ಹರಿಕಥೆ ಮಾಡುವ ದಾಸರು ಸಭೆಯ ಮುಖವನ್ನು ನೋಡುತ್ತಲೇ ಕಥೆಯನ್ನು ಬೆಳೆಸುವರು. ಹಿಂದಿನ ಸಾಲಿನಲ್ಲಿ ಯಾರಾದರೂ ಆಕಳಿಸಿದರೆ ಕೂಡಲೆ ಒಂದು ಉಪಕಥೆಯನ್ನು ಹೊರತೆಗೆಯುವರು. ಮೈಕ್ರೋಫೋನಿನ ಮುಂದೆ ಕುಳಿತವನಿಗೆ ಈ ಸೌಕರ್ಯವಿಲ್ಲ. ತಾನು ಏನು ಹೇಳಿದೆನೆಂಬುದನ್ನು ಅವನು ಬಲ್ಲನು. ಮನೆಮನೆಗಳಲ್ಲಿ ಏನು ಕೇಳಿಸಿತೆಂಬುದನ್ನು ಅರಿಯನು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಆಡಿದ ಮಾತಿಗೂ ಕೇಳಿದ ಅರ್ಥಕ್ಕೂ ನಡುವೆ ಇರತಕ್ಕ ಅಂತರವನ್ನು ಅರಿಯುವ ಬಗೆ ಯಾವುದು ಎಂಬುದೇ ಈ ಹೊತ್ತಿನ ನಮ್ಮ ವಿಷಯ.

ಎಣಿಸುವುದು ಒಂದು ಬಗೆ. ಒಂದು ಭಾಷಣದಲ್ಲಿ ‘ದೇಶ’ವೆಂಬ ಶಬ್ದವು ಎಷ್ಟು ಸಲ ಬಂದಿತು, ‘ಶತ್ರು’ವೆಂಬುದು ಎಷ್ಟು ಸಲ, ಎಂದು ಪಟ್ಟಿ ಹಾಕಬಹುದು. 1952ರಲ್ಲಿ ಅಮೆರಿಕದ ಬರ್ನಾರ್ಡ್ ಬೆರೆಲ್ಸನ್ ಎಂಬ ವಿದ್ವಾಂಸರು ಈ ವಿದ್ಯೆಗೆ ಲಕ್ಷಣವನ್ನು ಬರೆದಾಗ, ಮಾತಿನಲ್ಲಿ ಪ್ರಕಟವಾಗಿರುವ ಅಂಶವನ್ನು ಕ್ರಮಬದ್ಧವಾಗಿ ಸಂಖ್ಯೆಗಳಲ್ಲಿ ವರ್ಣಿಸುವುದೇ ಇದರ ಕೆಲಸವೆಂದರು. ಸೀಗ್‌ಫ್ರೀಡ್ ಕ್ರಕೌವರ್ ಎಂಬವರು ಬಹುಬೇಗನೆ ಇದನ್ನು ಆಕ್ಷೇಪಿಸಿದರು. ಎಣಿಸುವುದಕ್ಕಾಗಿ ಮಾತನ್ನು ತುಂಡು ಮಾಡಿದರೆ, ಆ ತುಂಡುಗಳು ಒಂದನ್ನೊಂದು ಕೂಡಿ ಹುಟ್ಟಿಸಿದ್ದ ಅರ್ಥವು ಕೈತಪ್ಪಿ ಹೋಗುವುದೆಂಬುದು ಅವರ ವಾದದ ಸಾರ.

ನಮ್ಮವರಿಗೆ ಈ ವಾದವು ಹೊಸದಾಗಿ ಕೇಳಿಸಲಾರದು. ಹೊತ್ತು ಮುಳುಗಿತೆಂಬ ಒಂದೇ ಸಂಗತಿಯನ್ನು ಹೇಳಿದರೆ, ದನಗಾಹಿಗೆ ಹಟ್ಟಿಯ ಕಡೆ ತಿರುಗಬೇಕೆಂದೂ, ನೇಮನಿಷ್ಠನಿಗೆ ಸಂಧ್ಯಾವಂದನೆಗೆ ಏಳಬೇಕೆಂದೂ, ಅಂಗಡಿಯವನಿಗೆ ಸರಕನ್ನು ಒಳಗಿಡಬೇಕೆಂದೂ ಹೊಳೆಯುವುದೆಂಬುದು ಆಲಂಕಾರಿಕರ ಹಳೆಯ ಉದಾಹರಣೆ. ವಾಚ್ಯಾರ್ಥವು ಒಂದೇ, ವ್ಯಂಗ್ಯಾರ್ಥಗಳು ಕೇಳುವವರಷ್ಟು. ಆದರೆ ಆಲಂಕಾರಿಕನು ಸಹೃದಯನೆಂಬ ಕೇಳುಗನನ್ನು ತನ್ನ ಮನಸ್ಸಿನಲ್ಲಿಯೇ ಕಲ್ಪಿಸಿಕೊಂಡನು. ಹೊಲಕ್ಕೆ ಹೋಗಿ ದನಗಾಹಿಯನ್ನು ವಿಚಾರಿಸಲಿಲ್ಲ. ಹಾಗೆ ವಿಚಾರಿಸಲು ಹೊರಟವರ ಕಥೆಯನ್ನು ಈಗ ಹೇಳುವೆವು.

1941ರ ನವೆಂಬರ್ ತಿಂಗಳ ಒಂದು ಸಂಜೆ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪಾಲ್ ಲಾಜರ್ಸ್‌ಫೆಲ್ಡ್ ಎಂಬವರು ತಮ್ಮ ಸಹೋದ್ಯೋಗಿ ರಾಬರ್ಟ್ ಮರ್ಟನ್ನರನ್ನು ಸಪತ್ನೀಕರಾಗಿ ಊಟಕ್ಕೆ ಕರೆದಿದ್ದರು. ಅತಿಥಿಯು ಬಾಗಿಲಿಗೆ ಬರುತ್ತಿದ್ದಂತೆಯೇ, ಕೋಟನ್ನು ಕಳಚುವ ಮೊದಲೇ, ಅವರನ್ನು ರೇಡಿಯೋ ಸ್ಟುಡಿಯೋಕ್ಕೆ ಎಳೆದೊಯ್ದರು. ಮನೆಯಲ್ಲಿ ಉಳಿದ ಮಡದಿಯರ ಊಟದ ಗತಿ ಏನಾಯಿತೋ, ಶಾಸ್ತ್ರಗ್ರಂಥಗಳು ಅಂತಹುದನ್ನು ಬರೆದಿಡುವುದಿಲ್ಲ. ಸ್ಟುಡಿಯೋದಲ್ಲಿ ಹತ್ತಾರು ಮಂದಿ ಕಾರ್ಯಕ್ರಮವೊಂದನ್ನು ಕೇಳುತ್ತಿದ್ದರು. ಮೆಚ್ಚಿದಾಗ ಹಸುರು ಗುಂಡಿಯನ್ನೂ, ಮೆಚ್ಚದಿದ್ದಾಗ ಕೆಂಪು ಗುಂಡಿಯನ್ನೂ ಅವರು ಒತ್ತಬೇಕು. ಯಂತ್ರವು ಅದನ್ನೆಲ್ಲ ಕಾಗದದ ಮೇಲೆ ಗೆರೆಯಾಗಿ ಬರೆಯುವುದು. ಅನಂತರ ಒಬ್ಬ ಸಹಾಯಕನು ಅವರನ್ನು ಪ್ರಶ್ನಿಸತೊಡಗಿದನು. ಮರ್ಟನ್ನರಿಗೆ ಸುಮ್ಮನಿರಲಾಗಲಿಲ್ಲ. ಪ್ರಶ್ನಿಸುವವನೇ ಉತ್ತರವನ್ನು ಬಾಯಿಗೆ ಇಡುತ್ತಿದ್ದಾನೆ, ಕೆಂಪು ಗುಂಡಿಯನ್ನು ಒತ್ತಿದ ಆ ಕ್ಷಣಕ್ಕೆ ಕೇಳುಗನನ್ನು ಮರಳಿ ಕರೆದೊಯ್ಯುತ್ತಿಲ್ಲ ಎಂದು ಚೀಟಿ ಬರೆದು ಲಾಜರ್ಸ್‌ಫೆಲ್ಡರಿಗೆ ದಾಟಿಸುತ್ತ ಬಂದರು. ಹಾಗಾದರೆ ಮುಂದಿನ ತಂಡವನ್ನು ನೀವೇ ಪ್ರಶ್ನಿಸಿರೆಂಬುದು ಸಿಕ್ಕಿದ ಉತ್ತರ. ಇಬ್ಬರ ಸಹಯೋಗವು ಅಲ್ಲಿಂದ ಹಲವು ದಶಕಗಳವರೆಗೆ ನಡೆಯಿತು.

ಈ ಪ್ರಶ್ನಿಸುವ ವಿಧಾನವನ್ನು ಮರ್ಟನ್ನರೂ ಪೆಟ್ರೀಷಿಯಾ ಕೆಂಡಲರೂ 1946ರಲ್ಲಿ ಲೇಖನವೊಂದರಲ್ಲಿ ವಿವರಿಸಿದರು. ಇದನ್ನು ನಾವು ‘ಕೇಂದ್ರೀಕೃತ ಸಂದರ್ಶನ’ವೆನ್ನಬಹುದು. ಸಂದರ್ಶಕನು ಆ ಭಾಷಣವನ್ನು ಮೊದಲೇ ಬಿಡಿಸಿ ನೋಡಿ, ಯಾವ ಭಾಗವು ಯಾವ ಭಾವವನ್ನು ಹುಟ್ಟಿಸಬಹುದೆಂದು ಊಹಿಸಿಕೊಂಡಿರುವನು. ಆದರೆ ಆ ಊಹೆಯನ್ನು ಹೊರಗೆ ತೋರಗೊಡನು. ಚೆನ್ನಾಗಿತ್ತೆ ಎಂದು ಕೇಳದೆ, ಕೇಳುತ್ತಿದ್ದಾಗ ಯಾವುದು ಮನಸ್ಸನ್ನು ಹಿಡಿಯಿತೆಂದು ಕೇಳುವನು. ‘ಮರುಕವಾಯಿತು’ ಎಂದರೆ ಯಾವ ಮಾತಿಗೆ ಎಂದು ವಿಚಾರಿಸುವನು. ಆ ಮರುಕವು ಕೇಳುಗನ ಬಾಳಿನ ಯಾವ ಎಳೆಗೆ ತಗುಲಿತೆಂಬುದು ತಾನಾಗಿ ಹೊರಬರುವವರೆಗೆ ಕಾಯುವನು. ಹೇಳುವುದು ಸುಲಭ. ಎರಡು ನಿಮಿಷ ಮೌನವಾಗಿ ಕುಳಿತಿರುವುದು ವಿದ್ವಾಂಸರಿಗೆ ಎಷ್ಟು ಕಷ್ಟವೆಂಬುದನ್ನು ಬಲ್ಲವರು ಬಲ್ಲರು.

ಇದರ ಫಲವನ್ನು ಕಾಣಬೇಕಾದರೆ ಕೇಟ್ ಸ್ಮಿತ್ ಎಂಬ ಗಾಯಕಿಯ ಪ್ರಸಂಗವನ್ನು ನೋಡಬೇಕು. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗ, 1943ರ ಸೆಪ್ಟೆಂಬರ್ 21ರಂದು ಬೆಳಗ್ಗೆ 8 ಗಂಟೆಯಿಂದ ಮರುದಿನದ ನಸುಕಿನ 2 ಗಂಟೆಯವರೆಗೆ, ಅಂದರೆ 18 ಗಂಟೆಗಳ ಕಾಲ, ಆಕೆಯು ಅಮೆರಿಕದ ಸಿ. ಬಿ. ಎಸ್. ರೇಡಿಯೋದಲ್ಲಿ ಮತ್ತೆ ಮತ್ತೆ ಬಂದು, ಯುದ್ಧದ ಸಾಲಪತ್ರಗಳನ್ನು ಕೊಳ್ಳಿರೆಂದು ಜನರನ್ನು ಬೇಡಿದಳು. ಸುಮಾರು 65 ಸಲ ಮಾತನಾಡಿದಳು. ಒಂದೊಂದು ಸಲವೂ ಸ್ವಲ್ಪ ಹೊತ್ತು ಮಾತ್ರ. ಆ ಒಂದು ದಿನದಲ್ಲಿ ಜನರು ಕೊಳ್ಳುವುದಾಗಿ ಒಪ್ಪಿದ ಸಾಲಪತ್ರಗಳ ಮೊತ್ತವು 39 ಮಿಲಿಯನ್ ಡಾಲರು, ನಮ್ಮ ಲೆಕ್ಕದಲ್ಲಿ 3 ಕೋಟಿ 90 ಲಕ್ಷ. ಇದು ಹೇಗಾಯಿತೆಂದು ಮರ್ಟನ್ನರು ಮಾರ್ಜೊರಿ ಫಿಸ್ಕ್ ಮತ್ತು ಆಲ್ಬರ್ಟಾ ಕರ್ಟಿಸರ ನೆರವಿನಿಂದ ಪರಿಶೀಲಿಸಿದರು. ಆಕೆಯ ಮಾತುಗಳನ್ನೆಲ್ಲ ವಿಂಗಡಿಸಿದರು. ನ್ಯೂಯಾರ್ಕಿನ 100 ಮಂದಿ ಕೇಳುಗರನ್ನು ದೀರ್ಘವಾಗಿ ಸಂದರ್ಶಿಸಿದರು. ಅನಂತರ ಸಾವಿರಕ್ಕೆ ಸಮೀಪವಾದ ಜನರಿಂದ ಸಣ್ಣ ಪ್ರಶ್ನೆಗಳಿಗೆ ಉತ್ತರ ಪಡೆದು, ಕಂಡದ್ದನ್ನು ಒರೆಗೆ ಹಚ್ಚಿದರು.

ಎಣಿಕೆಯಿಂದ ತಿಳಿದುದು ಇಷ್ಟು: ಆಕೆಯ ಮಾತಿನಲ್ಲಿ ಸುಮಾರು ಅರ್ಧ ಭಾಗವು ತ್ಯಾಗವನ್ನು ಕುರಿತದ್ದು. ಸರಿ, ಆದರೆ ಯಾರ ತ್ಯಾಗ? ಬಿಡಿಸಿ ನೋಡಿದಾಗ ಮೂರು ಮೂಲೆಗಳು ಕಂಡವು: ರಣರಂಗದಲ್ಲಿರುವ ಹುಡುಗರ ತ್ಯಾಗ, ಈಗಾಗಲೇ ಸಾಲಪತ್ರವನ್ನು ಕೊಂಡ ಇತರರ ತ್ಯಾಗ, ನಿದ್ದೆಗೆಟ್ಟು ಕುಳಿತ ಗಾಯಕಿಯ ತ್ಯಾಗ. ಈ ಮೂರರ ನಡುವೆ ಏನನ್ನೂ ಮಾಡದೆ ಉಳಿದವನು ಕೇಳುಗನೊಬ್ಬನೇ. ಪಟ್ಟಿಯಲ್ಲಿ ಈ ಇಕ್ಕಟ್ಟು ಕಾಣುವುದಿಲ್ಲ. ಮೂಲೆಗಳು ಒಂದಕ್ಕೊಂದು ಹೇಗೆ ನಿಂತಿವೆಯೆಂಬುದರಲ್ಲಿ ಕಾಣುತ್ತದೆ. ಆಕೆಯು ಹೇಳದೆ ಬಿಟ್ಟುದೂ ಅಷ್ಟೇ ಮುಖ್ಯ. ಸಾಲಪತ್ರದಿಂದ ಬಡ್ಡಿ ಬರುವುದು, ಇದು ಭದ್ರವಾದ ಹಣ ಎಂಬ ಮಾತನ್ನು ಆಕೆಯು ಎತ್ತಲಿಲ್ಲ. ದೇವರ ಮುಂದೆ ಹಚ್ಚುವ ದೀಪದ ಬಳಿ ಎಣ್ಣೆಯ ಬೆಲೆಯನ್ನು ಯಾರು ತಾನೆ ಮಾತನಾಡುವರು? ಇಲ್ಲದ ಮಾತನ್ನು ಎಣಿಸುವ ಯಂತ್ರವು ಇನ್ನೂ ಹುಟ್ಟಬೇಕಾಗಿದೆ. ಅದರ ಅಭಾವವು ಅರ್ಥವತ್ತಾದುದೆಂದು ಗುರುತಿಸಲು, ಅದು ಇರಬಹುದಾಗಿತ್ತೆಂದು ಬಲ್ಲ ಓದುಗನೇ ಬೇಕು.

ಸಂದರ್ಶನಗಳಿಂದ ಹೊರಬಂದುದು ಇನ್ನೂ ಸೋಜಿಗ. ಕೊಂಡವರೆಲ್ಲರೂ ಒಂದೇ ಕಾರಣದಿಂದ ಕೊಂಡಿರಲಿಲ್ಲ. ಕೆಲವರು ಮೊದಲೇ ಕೊಳ್ಳಬೇಕೆಂದಿದ್ದರು. ಟೆಲಿಫೋನಿನಲ್ಲಿ ಹೇಳಿದರೆ ಸಾಕೆಂಬ ಅನುಕೂಲವೇ ಅವರಿಗೆ ಸಾಕಾಯಿತು. ಮಗನನ್ನು ಸೈನ್ಯಕ್ಕೆ ಕಳುಹಿಸಿದ್ದ ತಾಯಿಗೆ ಅದೇ ಮಾತು ಮಗನು ಬೇಗ ಮನೆಗೆ ಬರುವನೆಂದು ಕೇಳಿಸಿತು. ಆಕೆಯ ದನಿಯು ಎಲ್ಲಿ ಒಡೆದೀತೋ, ಆರೋಗ್ಯವು ಎಲ್ಲಿ ಕೆಟ್ಟೀತೋ ಎಂಬ ಕಳವಳದಿಂದ ರೇಡಿಯೋದ ಬಳಿಯಿಂದ ಏಳಲಾರದವರೂ ಇದ್ದರು. ಲೆಕ್ಕದ ಪುಸ್ತಕದಲ್ಲಿ ಇವರೆಲ್ಲರೂ ಒಂದೊಂದು ಗೀಟು, ಅಷ್ಟೆ. ಆಕೆಯ ಮಾತು ಪ್ರಾಮಾಣಿಕವೆಂದು ಜನರು ಏಕೆ ನಂಬಿದರು? ವಾಕ್ಯಗಳ ಬಲದಿಂದಲ್ಲ, 18 ಗಂಟೆಗಳ ಆ ದುಡಿಮೆಯಿಂದ. ಜಾಹೀರಾತುಗಳ ಸುಳ್ಳನ್ನು ದಿನವೂ ಕೇಳಿ ಬೇಸತ್ತ ಜನಕ್ಕೆ, ನಿಜವೆಂದು ತೋರಿದ ಒಂದು ದನಿಗಾಗಿ ಹಸಿವಿತ್ತು. ಮಾತನ್ನು ಮಾತ್ರ ಬರೆದುಕೊಂಡು ಕುಳಿತಿದ್ದರೆ ಈ ಹಸಿವು ಕೈಗೆ ಸಿಗುತ್ತಿರಲಿಲ್ಲ.

ಇಲ್ಲಿಯೇ ಮರ್ಟನ್ನರಿಗೆ ಅಂಜಿಕೆಯೂ ಹುಟ್ಟಿತು. ಆಪ್ತತೆಯ ಹಸಿವುಳ್ಳವರಿಗೆ ಆಪ್ತತೆಯ ಸೋಗನ್ನು ಬಡಿಸಬಹುದಲ್ಲವೆ? ಪರರನ್ನು ತನ್ನ ಕಾರ್ಯಕ್ಕೆ ಬಳಸಿಕೊಳ್ಳಲೆಂದೇ ಅವರ ಸುಖದುಃಖಗಳಲ್ಲಿ ಆಸಕ್ತಿಯನ್ನು ನಟಿಸುವ ರೂಢಿಗೆ ಅವರು ಹೆಸರಿಟ್ಟು, 1946ರ ತಮ್ಮ ಗ್ರಂಥದಲ್ಲಿ ಖಂಡಿಸಿದರು. ಕೇವಲ ಯಾವ ಉಪಾಯವು ಫಲಿಸುವುದೆಂದು ತಿಳಿಸಿ ಕೈತೊಳೆದುಕೊಳ್ಳುವ ಸಂಶೋಧಕನನ್ನೂ ಅವರು ಬಿಡಲಿಲ್ಲ. ಈ ವಿಚಾರದಲ್ಲಿ ನಾವು ಅವರ ಪಕ್ಷದವರು. ಕೇಳುಗನ ಮನಸ್ಸನ್ನು ಅರಿಯುವ ವಿದ್ಯೆಯು ಅದನ್ನು ಹಿಡಿಯುವ ಬಲೆಯೂ ಆಗಬಲ್ಲದು.

ಮುಂದೆ ಆದುದೂ ಹೆಚ್ಚು ಕಡಮೆ ಹಾಗೆಯೇ. ಆ ಸ್ಟುಡಿಯೋದ ಸಂದರ್ಶನದಿಂದ ಬೆಳೆದ ‘ಫೋಕಸ್ ಗ್ರೂಪ್’ ಎಂಬುದನ್ನು ಈಗ ಸಾಬೂನಿನ ವ್ಯಾಪಾರಿಗಳೂ ಚುನಾವಣೆಯ ಚತುರರೂ ಬಳಸುತ್ತಾರೆ. ಹತ್ತು ಮಂದಿಯನ್ನು ಕೂರಿಸಿ, ಕಾಫಿ ಕೊಟ್ಟು, ಒಂದು ಗಂಟೆ ಮಾತನಾಡಿಸಿ, ದೇಶದ ಅಭಿಪ್ರಾಯವೇ ತಿಳಿಯಿತೆನ್ನುವುದುಂಟು. 1987ರಲ್ಲಿ ಮರ್ಟನ್ನರು ಈ ವಂಶಾವಳಿಯನ್ನು ಕುರಿತು ಒಂದು ಲೇಖನವನ್ನು ಬರೆದರು. ತಮ್ಮ ಕಾಲದಲ್ಲಿ ಇಂತಹ ಸಂದರ್ಶನದಿಂದ ದೊರೆತುದು ಹೊಸ ಊಹೆಗಳು ಮಾತ್ರವೆಂದೂ, ಅವು ಎಷ್ಟು ಜನರಿಗೆ ಅನ್ವಯಿಸುವುವೆಂಬುದನ್ನು ಅನಂತರ ಬೇರೆ ಪರೀಕ್ಷೆಯಿಂದ ನೋಡುತ್ತಿದ್ದೆವೆಂದೂ ಅವರು ಅಲ್ಲಿ ನೆನಪಿಸಿದರು. ಆ ಎರಡನೆಯ ಹೆಜ್ಜೆಯನ್ನು ಬಿಟ್ಟು ಮೊದಲನೆಯದರಲ್ಲಿಯೇ ನಿಲ್ಲುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ.