ಬಿದಿರು, ಕಾಗದ, ಗ್ರಂಥ

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ಕಾವ್ಯವಲ್ಲ, ಶಾಸ್ತ್ರ. ಸಾಹಿತ್ಯಾಸಕ್ತರಾದ ನಾವು ಇದನ್ನು ಆಗಾಗ ಮರೆಯುತ್ತೇವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವ್ಯ ಹೇಗಿರಬೇಕೆಂದು ವಿಚಾರಿಸುವ ಲಕ್ಷಣಗ್ರಂಥ. ಹನ್ನೊಂದನೆಯ ಶತಮಾನದ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ಬಗೆಯಿಂದ ಹಿಡಿದು ಅಡುಗೆಯ ಪಾಕದವರೆಗೆ ವಿವರಿಸಿದನು. ರಾಜಾದಿತ್ಯನು ಗಣಿತವನ್ನೂ ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆಯನ್ನೂ ಕನ್ನಡ ಪದ್ಯಕ್ಕೆ ಒಗ್ಗಿಸಿದರು. ಇಂಥ ವಿಷಯ ಕನ್ನಡದಲ್ಲಿ ಸಾಧ್ಯವೆ ಎಂಬ ಶಂಕೆ ಇವರಲ್ಲಿ ಯಾರನ್ನೂ ಕಾಡಿದಂತೆ ತೋರುವುದಿಲ್ಲ. ಆ ಶಂಕೆ ಬಂದದ್ದು ನಾವು ಇಂಗ್ಲಿಷಿನಲ್ಲಿ ಪರೀಕ್ಷೆಗೆ ಕೂಡತೊಡಗಿದ ಮೇಲೆ.

ಅದನ್ನು ಹೋಗಲಾಡಿಸಲು ದುಡಿದವರೂ ಉಂಟು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಗೆಳೆಯರೊಡನೆ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದರು. ಅದೇ ಕೈ ‘ಯಕ್ಷಗಾನ ಬಯಲಾಟ’ವನ್ನೂ ಬರೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸ ಗ್ರಂಥಮಾಲೆ ಇವೆರಡರ ಅಂಗೈಯಗಲದ ಪುಸ್ತಿಕೆಗಳಿಂದ ಎಷ್ಟೋ ಶಾಲಾ ಮಾಸ್ತರರು ಖಗೋಳವನ್ನೂ ಅರ್ಥಶಾಸ್ತ್ರವನ್ನೂ ಕಲಿತರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯನ್ನೇ ಪಡೆಯಿತು. ಗಿಡಗಳನ್ನು ಕುರಿತ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ ಏಕೆಂದು ಕೇಳುವವರಿದ್ದರೆ, ಅವರು ಆ ಪುಸ್ತಕದ ಹತ್ತು ಪುಟಗಳನ್ನು ಓದಿದರೆ ಸಾಕು.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ನನ್ನನ್ನು ಬಾಧಿಸುತ್ತದೆ. ನಕ್ಷತ್ರಗಳ ಹುಟ್ಟನ್ನು ತಿಳಿಸುವ ಪುಸ್ತಕ ಕನ್ನಡದಲ್ಲಿ ಸುಲಭವಾಗಿ ಸಿಗುತ್ತದೆ. ಊರ ಹಿಂದಿನ ಕಾಡನ್ನು ಕುರಿತು ತಜ್ಞರು ಕಂಡುಕೊಂಡದ್ದು ಮಾತ್ರ ಮೊದಲು ಇಂಗ್ಲಿಷಿಗೆ ಹೋಗುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ ಕಾಡೇ ಬದಲಾಗಿರುತ್ತದೆ. ಇದಕ್ಕೆ ಒಂದು ನಿದರ್ಶನ ಕೊಡುತ್ತೇನೆ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿ ಸನವಳ್ಳಿಯೆಂಬ ಗ್ರಾಮವಿದೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಪೂರ್ವಕ್ಕೆ ಹಾನಗಲ್ಲಿನ ಬಯಲು. ನಡುವಣ ಈ ಅರೆಮಲೆನಾಡು ತೇಗ ಮತ್ತು ಬಿದಿರಿನ ಸೀಮೆ. ಹಳಿಯಾಳ, ಜೋಯಿಡಾ, ದಾಂಡೇಲಿಗಳ ಕಾಡೂ ಬಿದಿರಿಗೆ ಹೆಸರಾದದ್ದೇ. ಈ ಬಿದಿರನ್ನು ನಂಬಿ 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಬರೆಯುವ ಕಾಗದ, ಅಚ್ಚಿನ ಕಾಗದ ಅಲ್ಲಿಂದ ನಾಡಿಗೆಲ್ಲ ಹೋಯಿತು. ನಾವು ಓದಿದ ಪುಸ್ತಕಗಳಲ್ಲಿ ಎಷ್ಟು ಈ ಕಾಡಿನ ಬಿದಿರೋ ಬಲ್ಲವರಾರು!

ಕಾರ್ಖಾನೆಗೆ ಬಿದಿರು ಸರಕಾರದಿಂದ ತೀರ ಅಗ್ಗವಾಗಿ ದೊರೆಯುತ್ತಿತ್ತು. ಅದೇ ಬಿದಿರಿನಿಂದ ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯ ಬೆಲೆ ತೆರಬೇಕಿತ್ತು. ಬಿದಿರು ಕ್ಷೀಣಿಸುತ್ತಿದೆಯೆಂಬ ದೂರು ಎದ್ದಾಗ, 1970ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಸಹೋದ್ಯೋಗಿಗಳೊಡನೆ ಈ ಕಾಡುಗಳಲ್ಲಿ ಅಧ್ಯಯನ ನಡೆಸಿದರು. ಬಿದಿರು ಇಷ್ಟಿದೆಯೆಂದು ಕಡತಗಳಲ್ಲಿ ಬರೆದಿದ್ದ ಅಂದಾಜು, ಕಾಡಿನಲ್ಲಿ ನಿಜವಾಗಿ ಇದ್ದುದಕ್ಕಿಂತ ಬಹಳ ಹೆಚ್ಚಿನದಾಗಿತ್ತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಬೇರೊಂದಿದೆ.

ಬಿದಿರು ಮೆಳೆಯಾಗಿ ಬೆಳೆಯುತ್ತದೆ. ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ಪೊದೆಯಾಗಿರುತ್ತವೆ. ಈ ಮುಳ್ಳು ಬೆಳವಣಿಗೆಗೆ ಅಡ್ಡಿಯೆಂದು ಭಾವಿಸಿದ ಅರಣ್ಯ ಇಲಾಖೆ ಅದನ್ನು ಸವರಿಸಿತು. ಬುಡ ಚೊಕ್ಕಟವಾಯಿತು, ಗಳ ಕಡಿಯುವುದೂ ಸುಲಭವಾಯಿತು. ಆದರೆ ಮಳೆಗಾಲದಲ್ಲಿ ನೆಲದಿಂದ ಏಳುವ ಎಳೆಯ ಮೊಳಕೆಗೆ, ಅಂದರೆ ಕಳಲೆಗೆ, ಆ ಮುಳ್ಳೇ ಬೇಲಿಯಾಗಿತ್ತು. ಬೇಲಿ ಹೋದ ಮೇಲೆ ದನಗಳು, ಮುಳ್ಳುಹಂದಿಗಳು, ಮಂಗಗಳು ಕಳಲೆಯನ್ನು ಮೇಯತೊಡಗಿದವು. ಹೊಸ ಗಳಗಳು ಮೇಲೇಳಲಿಲ್ಲ. ಹಳೆಯ ಗಳಗಳನ್ನು ಕಾರ್ಖಾನೆಗೆ ಕಡಿಯುವ ಕೆಲಸ ಮಾತ್ರ ನಡೆದೇ ಇತ್ತು. ಮೆಳೆಗಳು ಬಡವಾದದ್ದು ಹೀಗೆ. ಕಾರ್ಖಾನೆ ಕೊನೆಗೆ ದೂರದ ಸೀಮೆಗಳತ್ತ ಕಣ್ಣು ಹಾಯಿಸಬೇಕಾಯಿತು.

ಮುಳ್ಳು ಸವರಿದರೆ ಕಳಲೆ ಉಳಿಯುವುದಿಲ್ಲವೆಂದು ಗಾಡ್ಗೀಳರಿಗೆ ಮೊದಲು ತಿಳಿಸಿದವರು ಕಾಡಿನಂಚಿನ ಹಳ್ಳಿಗರು. ಅವರು ಮೆಳೆಗಳನ್ನು ಅಳೆದು, ಎಣಿಸಿ, ಹೋಲಿಸಿ ಆ ಮಾತು ನಿಜವೆಂದು ಕಂಡುಕೊಂಡರು. ಈ ಅರಿವು ಪಯಣಿಸಿದ ದಾರಿಯನ್ನು ನೋಡಿರಿ. ಕನ್ನಡ, ಕೊಂಕಣಿ, ಮರಾಠಿಗಳಲ್ಲಿ ಬದುಕುವ ಜನರ ಬಾಯಿಂದ ಹೊರಟು ವಿಜ್ಞಾನಿಯ ಟಿಪ್ಪಣಿಯನ್ನು ಸೇರಿತು. ಅಲ್ಲಿಂದ ಇಂಗ್ಲಿಷ್ ಲೇಖನಗಳಿಗೆ ಹೋಯಿತು. ಅವರೂ ರಾಮಚಂದ್ರ ಗುಹಾ ಅವರೂ ಕೂಡಿ ಭಾರತದ ಅರಣ್ಯಗಳ ಇತಿಹಾಸವನ್ನು ಬರೆದದ್ದು 1992ರಲ್ಲಿ, ಅದೂ ಇಂಗ್ಲಿಷಿನಲ್ಲಿಯೇ. ಗಾಡ್ಗೀಳರ ಆತ್ಮವೃತ್ತಾಂತ ‘ಏರುಘಟ್ಟದ ನಡಿಗೆ’ ಎಂದು ಕನ್ನಡಕ್ಕೆ ಬಂದದ್ದು 2023ರಲ್ಲಿ. ಅಷ್ಟರಲ್ಲಿ ಸುಮಾರು ಐವತ್ತು ಮಳೆಗಾಲಗಳು ಕಳೆದಿದ್ದವು.

ಕನ್ನಡದಲ್ಲಿ ಪಾರಿಭಾಷಿಕ ಪದಗಳಿಲ್ಲ, ಆದ್ದರಿಂದ ತಜ್ಞರು ಬರೆಯಲಾರರು ಎಂಬ ಸಮಾಧಾನವನ್ನು ನಾನು ವಿದ್ವತ್ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬಿದಿರಿನ ವಿಷಯದಲ್ಲಾದರೂ ಇದು ನಿಲ್ಲದು. ಮೆಳೆ, ಕಳಲೆ, ಗಳ, ಗೆಣ್ಣು, ಬಿದಿರಕ್ಕಿ: ಒಂದು ಅಧ್ಯಾಯಕ್ಕೆ ಬೇಕಾದ ಪದಗಳೆಲ್ಲ ಮೇದಾರರ ಅಂಗಳದಲ್ಲಿ ಸಿದ್ಧವಾಗಿವೆ. ಪದಸಮಿತಿಗಳು ಸಂಸ್ಕೃತದ ನಿಘಂಟನ್ನು ತೆರೆಯುವುದಕ್ಕೆ ಮೊದಲು ಆ ಅಂಗಳಕ್ಕೊಮ್ಮೆ ಹೋಗಿ ಬಂದಿದ್ದರೆ ಎಷ್ಟೋ ಪಠ್ಯಪುಸ್ತಕಗಳು ಓದುವಂತಿರುತ್ತಿದ್ದವು. ಪದಗಳಂತೆ ನಂಬಿಕೆಗಳಲ್ಲಿಯೂ ಶಾಸ್ತ್ರದ ಬೀಜವಿರುತ್ತದೆ. ಬಿದಿರು ಹೂ ಬಿಟ್ಟರೆ ಬರ ಬರುತ್ತದೆಂದು ನಮ್ಮ ಹಿರಿಯರು ಹೆದರುತ್ತಿದ್ದರು. ಬಿದಿರು ಹಲವು ದಶಕಗಳಿಗೊಮ್ಮೆ ಕಾಡಿಗೆ ಕಾಡೇ ಹೂತು, ಅಕ್ಕಿ ಉದುರಿಸಿ ಸಾಯುತ್ತದೆ. ಆ ಅಕ್ಕಿಯನ್ನು ತಿಂದ ಇಲಿಗಳು ವಿಪರೀತ ಹೆಚ್ಚುತ್ತವೆ. ಬಿದಿರಕ್ಕಿ ಮುಗಿದೊಡನೆ ಗದ್ದೆಗೂ ಕಣಜಕ್ಕೂ ನುಗ್ಗುತ್ತವೆ. ಹಿರಿಯರ ಹೆದರಿಕೆ ಹುಸಿಯಾಗಿರಲಿಲ್ಲ, ನಡುವಣ ಕೊಂಡಿಯೊಂದನ್ನು ಅವರು ಹೇಳಿರಲಿಲ್ಲ, ಅಷ್ಟೆ. ಆ ಕೊಂಡಿಯನ್ನು ತಿಳಿಯಾದ ಕನ್ನಡದಲ್ಲಿ ಜೋಡಿಸಿ ತೋರಿಸುವ ಗ್ರಂಥವನ್ನೇ ನಾನು ತಜ್ಞಗ್ರಂಥವೆನ್ನುವುದು.

ಜನರನ್ನು ಕುರಿತ ಅಧ್ಯಯನದ ಕಥೆಯೂ ಬೇರೆಯಲ್ಲ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಕಾಡುಗಳಲ್ಲಿ ನೆಲಸಿದ್ದಾರೆ. ಅವರನ್ನು ಕುರಿತು ಟಿ.ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇಂಗ್ಲಿಷಿನದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಇಂಥ ಮಾನ್ಯತೆಯನ್ನು ಕೇಳುವಾಗ ಜನಾಂಗವೊಂದು ತನ್ನ ಪರವಾಗಿ ಮುಂದಿಡಬೇಕಾದದ್ದು ದಾಖಲೆ. ಆ ದಾಖಲೆ ಆ ಜನರೇ ಓದಿ ತಿದ್ದಬಹುದಾದ ಭಾಷೆಯಲ್ಲಿರಬೇಡವೆ? ಸಿದ್ದಿ ಹೆಂಗಸರ ಕೌದಿಯನ್ನು ಕಂಡವರು ಅದರ ಬಣ್ಣವನ್ನು ಹೊಗಳುತ್ತಾರೆ. ಹೊಲಿಗೆ ಅಂಚಿನಿಂದ ತೊಡಗಿ ಸುತ್ತುತ್ತ ನಡುವಿನತ್ತ ಸಾಗುವ ಕ್ರಮವನ್ನು ಗಮನಿಸುವವರು ಕಡಿಮೆ. ಗಮನಿಸುವ ಕಣ್ಣಿದ್ದರೆ ಏನಾಗಬಹುದೆಂಬುದಕ್ಕೆ ಇದೇ ಜಿಲ್ಲೆಯ ಹೊನ್ನಾವರದ ಕೃಷ್ಣಾನಂದ ಕಾಮತರೇ ಸಾಕ್ಷಿ. ವಿಜ್ಞಾನಿಯಾಗಿದ್ದ ಅವರು ಇರುವೆ, ಹಾವುಗಳನ್ನು ಕುರಿತು ಬರೆದಷ್ಟೇ ಶ್ರದ್ಧೆಯಿಂದ, ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣು ಬಳಿದು ಕೊರೆದು ಬಿಡಿಸುವ ಕಾವಿಕಲೆಯನ್ನು ಕುರಿತೂ ಬರೆದರು. ವಿಜ್ಞಾನದ ಓದುಗ ಬೇರೆ, ಕಲೆಯ ಓದುಗ ಬೇರೆ ಎಂಬ ಭೇದ ಅವರ ಬರಹದಲ್ಲಿಲ್ಲ.

ಮುಂಡಗೋಡ ತಾಲೂಕಿನಲ್ಲಿ ಇನ್ನೊಂದು ಭಾಷೆಯೂ ಈ ಕೆಲಸದಲ್ಲಿ ತೊಡಗಿದೆ. ಕನ್ನಡಿಗರು ಅದನ್ನು ಅಷ್ಟಾಗಿ ಗಮನಿಸಿದಂತಿಲ್ಲ. 1966ರಲ್ಲಿ ಇಲ್ಲಿ ಟಿಬೆಟಿಯನ್ನರ ವಸತಿ ಆರಂಭವಾಯಿತು. ಗಾಂದೆನ್, ಡ್ರೆಪುಂಗ್ ಮಹಾವಿಹಾರಗಳು ಇಲ್ಲಿ ಮರಳಿ ತಲೆಯೆತ್ತಿದವು. ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ಬಿಡಿ ಹಾಳೆಗಳ ಪೋತಿಗಳನ್ನು ಪಠಿಸಿ ತರ್ಕ, ದರ್ಶನಗಳನ್ನು ಕಲಿಯುತ್ತಿದ್ದ ಭಿಕ್ಷುಗಳಿಗೆ ಆಧುನಿಕ ವಿಜ್ಞಾನವನ್ನೂ ಕಲಿಸಬೇಕೆಂದು ದಲಾಯಿ ಲಾಮಾ ಬಯಸಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನಗಳ ಪಠ್ಯಗಳು ಒಂದು ಪುಟ ಇಂಗ್ಲಿಷ್, ಒಂದು ಪುಟ ಟಿಬೆಟಿಯನ್ ಎಂಬಂತೆ ಸಿದ್ಧವಾದವು. 2014ರಿಂದ ಅವು ವಿಹಾರಗಳ ಪಾಠಕ್ರಮದಲ್ಲಿ ಸೇರಿದವು. ಇಲ್ಲದ ಪದಗಳನ್ನು ಅನುವಾದಕರೂ ವಿಜ್ಞಾನಿಗಳೂ ಸಭೆ ಸೇರಿ, ಚರ್ಚಿಸಿ ರೂಪಿಸಿದರು. 1918ರಲ್ಲಿ ಬೆಳ್ಳಾವೆಯವರು ಬೆಂಗಳೂರಿನಲ್ಲಿ ಎದುರಿಸಿದ ತೊಡಕನ್ನೇ, ಸುಮಾರು ನೂರು ವರ್ಷಗಳ ತರುವಾಯ, ನಮ್ಮ ನೆರೆಯವರು ಎದುರಿಸಿದರು. ಜೀವಕೋಶಕ್ಕೆ, ನರತಂತುವಿಗೆ ಅವರ ಭಾಷೆಯಲ್ಲಿ ಯಾವ ಪದ ನಿಂತಿತು, ಯಾವುದು ಬಿದ್ದುಹೋಯಿತು ಎಂದು ಕೇಳಿ ಬರೆದುಕೊಳ್ಳಬೇಕೆನ್ನುವ ಕನ್ನಡದ ವಿದ್ಯಾರ್ಥಿ ಸನವಳ್ಳಿಯಲ್ಲಿದ್ದರೆ, ಅವನು ತಾಲೂಕಿನ ಗಡಿಯನ್ನು ದಾಟಬೇಕಾಗಿಲ್ಲ.