ಊಟಿಗೆ ಹೋದಾಗ ಚಹಾ ತೋಟವನ್ನು ರೈತನ ಕಣ್ಣಿನಿಂದ ನೋಡಿರಿ

ಸುಗ್ಗಿ ಮುಗಿದ ಮೇಲೆ ಮನೆಮಂದಿಯನ್ನೆಲ್ಲ ಕರೆದುಕೊಂಡು ನೀಲಗಿರಿಗೆ ಹೋಗಿ ಬರುವುದು ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಬಹಳ ಕಾಲದಿಂದ ಇರುವ ರೂಢಿ. ಊಟಿಯ ಕೆರೆಯಲ್ಲಿ ದೋಣಿ, ದೊಡ್ಡಬೆಟ್ಟದ ತುದಿಯಲ್ಲಿ ಚಳಿಗಾಳಿ, ಹಸಿರು ಚಹಾ ಗಿಡಗಳ ಮುಂದೆ ನಿಂತು ಒಂದು ಫೋಟೋ, ಹಿಂತಿರುಗುವಾಗ ಒಂದು ಪೊಟ್ಟಣ ಟೀ ಪುಡಿ. ಇಷ್ಟಕ್ಕೆ ಪ್ರವಾಸ ಮುಗಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಫೋಟೋಗೆ ನಿಂತ ಆ ತೋಟ ಒಬ್ಬ ಬೆಳೆಗಾರನ ಹೊಲವೆಂಬುದು, ಆತನಿಗೂ ಗೊಬ್ಬರದ ಬೆಲೆ, ಆಳಿನ ಕೂಲಿ, ಮಾರುಕಟ್ಟೆಯ ಏರಿಳಿತ ಎಲ್ಲವೂ ಇದೆಯೆಂಬುದು ನಮಗೆ ನೆನಪಾಗುವುದಿಲ್ಲ. ರೈತರ ತಂಡಗಳೊಡನೆ ನಾನು ಅಲ್ಲಿಗೆ ಹಲವು ಬಾರಿ ಹೋಗಿದ್ದೇನೆ. ಮುಂದಿನ ಸಲ ನೀವು ಹೋದಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು, ಮುಖ್ಯವಾಗಿ ಏನನ್ನು ತರಬಾರದು ಎಂಬುದನ್ನು ಇಲ್ಲಿ ತಿಳಿಸಬಯಸುತ್ತೇನೆ.

ಮೊದಲು ದಾರಿಯ ವಿಷಯ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡನ್ನು ಹೊಕ್ಕರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಇದು 2009ರಿಂದ ಇರುವ ನಿಯಮ. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಗಿದೆ, ಹೊರಡುವ ಮುನ್ನವೇ ಮೊಬೈಲಿನಲ್ಲಿ ಪಡೆದುಕೊಳ್ಳಿರಿ. ತೆಪ್ಪಕಾಡಿನಿಂದ ಮಸಿನಗುಡಿ ದಾರಿ ಹತ್ತಿರವಾದರೂ, ಚಹಾ ನೋಡಬೇಕೆನ್ನುವವರು ಗೂಡಲೂರಿನ ಮೇಲೆ ನಡುವಟ್ಟಂ ಮಾರ್ಗವಾಗಿಯೇ ಹತ್ತಬೇಕು. ಗೂಡಲೂರಿನ ಬೆಚ್ಚನೆಯ ತಗ್ಗಿನಿಂದ ಊಟಿಯ ಎರಡು ಸಾವಿರ ಮೀಟರಿಗೂ ಮೇಲಿನ ಚಳಿಯವರೆಗೆ ಎತ್ತರ ಹೆಚ್ಚಿದಂತೆ ಬೆಳೆಯೂ ಗಿಡದ ಮೈಕಟ್ಟೂ ಹೇಗೆ ಬದಲಾಗುತ್ತವೆ ಎಂಬುದು ಈ ಒಂದೇ ದಾರಿಯಲ್ಲಿ ಕಾಣಸಿಗುತ್ತದೆ.

ಗಿಡವಲ್ಲ, ಮರ

ಸೊಂಟದೆತ್ತರಕ್ಕೆ ಮೇಜಿನ ಹಾಗೆ ಸಮನಾಗಿ ಹಬ್ಬಿರುವ ಈ ಚಹಾ ನಿಜವಾಗಿ ಗಿಡವಲ್ಲ. ಬಿಟ್ಟರೆ ಮರವಾಗಿ ಬೆಳೆಯುವ ಜಾತಿ ಇದು. ಬುಡದ ಬಳಿ ಬಗ್ಗಿ ನೋಡಿರಿ, ತೊಡೆಯಷ್ಟು ದಪ್ಪನೆಯ ಗಂಟುಗಂಟಾದ ಕಾಂಡ ಕಾಣುತ್ತದೆ. ನೂರು ವರ್ಷ ದಾಟಿಯೂ ಎಲೆ ಕೊಡುತ್ತಿರುವ ಗಿಡಗಳು ಅಲ್ಲಿವೆ. ನಾಲ್ಕೈದು ವರ್ಷಕ್ಕೊಮ್ಮೆ ಚಾಟನಿ ಮಾಡಿ, ಮೇಲಿನ ಚಿಗುರನ್ನು ಏಳರಿಂದ ಹದಿನಾಲ್ಕು ದಿನಕ್ಕೊಮ್ಮೆ ಕೀಳುತ್ತಲೇ ಇರುವುದರಿಂದ ಅದು ಹೂ ಬಿಟ್ಟು ಕಾಯಿ ಕಟ್ಟುವ ಗೋಜಿಗೆ ಹೋಗದೆ ಚಿಗುರನ್ನೇ ಹೊರಡಿಸುತ್ತಿರುತ್ತದೆ. ಹೊಸದಾಗಿ ಚಾಟನಿಯಾದ ತೋಟ ಕಂಡರೆ ಅಲ್ಲಿ ತಪ್ಪದೆ ನಿಲ್ಲಿರಿ. ಬರೀ ಕೋಲುಗಳು ನಿಂತಂತೆ ಕಾಣುವ ಆ ಬೋಳು ತೋಟದಲ್ಲಿ ಕಲಿಯುವುದು ಹೆಚ್ಚು. ಪ್ರವಾಸಿಗರು ಯಾರೂ ಅಲ್ಲಿ ವಾಹನ ನಿಲ್ಲಿಸುವುದಿಲ್ಲ.

ಕೀಳುವ ಹದ ಎಂದರೆ ಎರಡು ಎಲೆ ಮತ್ತು ತುದಿಯ ಕುಡಿ. ಅದಕ್ಕಿಂತ ಕೆಳಗಿನ ಎಲೆ ಬಲಿತದ್ದು; ತೂಕ ಬರುತ್ತದೆ, ರುಚಿ ಬರುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೆಲೆಯ ಮಾತು ಬಂದಾಗ ಬೇಕಾಗುತ್ತದೆ.

ಚಹಾಕ್ಕೆ ಹುಳಿ ಮಣ್ಣು ಬೇಕು. ರಸಸಾರ 4.5ರಿಂದ 5.5ರ ಒಳಗಿದ್ದರೆ ಉತ್ತಮ. ನಾವು ಸುಣ್ಣ ಹಾಕಿ ಸರಿಪಡಿಸುವ ಮಣ್ಣೇ ಅದಕ್ಕೆ ಹಿತ. ಕರಾವಳಿಯಲ್ಲಿ ಗೇರು ಬೆಳೆಯುವವರು ಎಲೆಗಳ ಮೇಲೆ ಕಪ್ಪು ಚುಕ್ಕೆಗಳನ್ನೂ ಬಾಡಿದ ಚಿಗುರನ್ನೂ ಕಂಡರೆ ತಮ್ಮ ಹಳೆಯ ವೈರಿಯ ಗುರುತು ಹಿಡಿಯುತ್ತಾರೆ. ಗೇರಿನಲ್ಲಿ 'ಟೀ ಸೊಳ್ಳೆ' ಎನ್ನುವ ತಿಗಣೆಗೆ ಆ ಹೆಸರು ಬಂದದ್ದೇ ಚಹಾ ತೋಟದಿಂದ. ಸೊಳ್ಳೆಗೂ ಅದಕ್ಕೂ ಸಂಬಂಧವಿಲ್ಲ.

ಇಳಿಜಾರಿನ ಪಾಠ

ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಕೂನೂರಿಗೆ ಹೋಗುವ ದಾರಿಯ ಕೇತ್ತಿ ಕಣಿವೆ. ಒಂದೇ ಗುಡ್ಡದ ಒಂದು ಮಗ್ಗುಲಲ್ಲಿ ಚಹಾ, ಇನ್ನೊಂದು ಮಗ್ಗುಲಲ್ಲಿ ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ. ಒಳ್ಳೆಯ ಚಹಾ ತೋಟದಲ್ಲಿ ಸಾಲುಗಳು ಸಮಪಾತಳಿಯ ಗೆರೆಯಂತೆ ಗುಡ್ಡವನ್ನು ಬಳಸಿಕೊಂಡು ಹೋಗುತ್ತವೆ. ಜೋಡಿ ಸಾಲಿನ ಪದ್ಧತಿಯಲ್ಲಿ ಹೆಕ್ಟೇರಿಗೆ ಹದಿಮೂರು ಸಾವಿರದಷ್ಟು ಗಿಡ ಹಿಡಿಯುತ್ತವೆ. ಸಾಲಿನ ನಡುವೆ ಅಲ್ಲಲ್ಲಿ ಒಂದಕ್ಕೊಂದು ಎದುರಾಗದಂತೆ ತೋಡಿದ ಇಂಗುಗುಂಡಿಗಳಿರುತ್ತವೆ. ಮಳೆಯ ನೀರು ಹೊತ್ತು ತಂದ ಮಣ್ಣು ಅದರಲ್ಲಿ ಕೂರುತ್ತದೆ, ಬೇಸಿಗೆಯಲ್ಲಿ ಅದನ್ನೇ ತೆಗೆದು ಬುಡಕ್ಕೆ ಹಾಕುತ್ತಾರೆ. ಗಿಡಗಳು ಕೂಡಿಕೊಂಡ ಮೇಲೆ ಮಳೆಹನಿ ನೆಲವನ್ನು ನೇರವಾಗಿ ಹೊಡೆಯುವುದೇ ಇಲ್ಲ.

ಈಗ ಇನ್ನೊಂದು ಮಗ್ಗುಲನ್ನು ನೋಡಿರಿ. ಗೆಡ್ಡೆ ಬೆಳೆಗೆ ನೆಲವನ್ನು ವರ್ಷಕ್ಕೆ ಎರಡು ಮೂರು ಸಲ ಅಗೆದು ಸಡಿಲಿಸಲೇಬೇಕು. ಎಷ್ಟೋ ಕಡೆ ಸಾಲುಗಳು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದಿರುತ್ತವೆ. ನೀರು ಬೇಗ ಹರಿದು ಗೆಡ್ಡೆ ಕೊಳೆಯದಿರಲಿ ಎಂಬುದು ರೈತನ ಲೆಕ್ಕ. ಆ ಲೆಕ್ಕ ಈ ವರ್ಷದ ಬೆಳೆಗೆ ಸರಿ, ಮಣ್ಣಿಗೆ ಸರಿಯಲ್ಲ. ಮಳೆ ಬಂದ ಮರುದಿನ ಕೆಳಗಿನ ಹಳ್ಳದ ನೀರಿನ ಬಣ್ಣ ನೋಡಿದರೆ ಸಾಕು. ನೀಲಗಿರಿಯ ಈ ಸಮಸ್ಯೆಗಾಗಿಯೇ ಊಟಿಯಲ್ಲಿ 1954ರಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಪ್ರಾರಂಭವಾಯಿತು. ಹಾಗೆಂದು ಚಹಾ ಹಾಕಿದರೆ ಗುಡ್ಡ ಜರುಗುವುದೇ ಇಲ್ಲವೆಂದು ತಿಳಿಯಬಾರದು. 2009ರ ನವೆಂಬರಿನ ಮಹಾಮಳೆಯಲ್ಲಿ ಈ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದು ನಾಲ್ವತ್ತಕ್ಕೂ ಹೆಚ್ಚು ಜನ ಸತ್ತರು. ಕಡಿದ ಗುಡ್ಡದಂಚು, ಮುಚ್ಚಿಹೋದ ನೀರಿನ ದಾರಿ ಇದ್ದಲ್ಲಿ ಯಾವ ಬೆಳೆಯೂ ರಕ್ಷಣೆಯಲ್ಲ.

ತೋಟದೊಳಗೆ ಇಳಿಯುವ ಮುನ್ನ ಅನುಮತಿ ಕೇಳಿರಿ. ಮುಂಜಾನೆ, ಮುಸ್ಸಂಜೆಯಲ್ಲಿ ಇಳಿಯಲೇಬೇಡಿರಿ. ಕಾಟಿ, ಕರಡಿ, ಚಿರತೆ ಮೂರೂ ಈ ಸಾಲುಗಳ ನಡುವೆ ಓಡಾಡುತ್ತವೆ.

ಕಾರ್ಖಾನೆಯ ಒಳಗೆ

ದೊಡ್ಡಬೆಟ್ಟದ ರಸ್ತೆಯಲ್ಲೂ ಕೂನೂರಿನ ಸುತ್ತಲೂ ಪ್ರವಾಸಿಗರಿಗೆ ತೆರೆದ ಕಾರ್ಖಾನೆಗಳಿವೆ. ಕಿತ್ತ ಎಲೆಯನ್ನು ತೊಟ್ಟಿಗಳಲ್ಲಿ ಹರಡಿ, ಕೆಳಗಿನಿಂದ ಗಾಳಿ ಊದಿ, ಹನ್ನೆರಡರಿಂದ ಹದಿನೆಂಟು ಗಂಟೆ ಬಾಡಿಸುತ್ತಾರೆ. ಬಾಡಿದ ಎಲೆ ಹಲ್ಲಿನ ಉರುಳೆಗಳ ನಡುವೆ ಸಿಕ್ಕಿ ನುಚ್ಚಾಗಿ, ಹರಿದು, ಸುರುಳಿಯಾಗುತ್ತದೆ, ಸಿ.ಟಿ.ಸಿ. ಎಂಬ ಮೂರಕ್ಷರದ ಅರ್ಥ ಇದೇ. ಆಮೇಲಿನ ಹಂತವನ್ನು ಹುದುಗಿಸುವುದು ಎನ್ನುತ್ತಾರಾದರೂ ದೋಸೆ ಹಿಟ್ಟು ಹುದುಗುವ ಹಾಗಲ್ಲ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದಲ್ಲವೇ, ಅದೇ ಕ್ರಿಯೆ. ಹಸಿರು ಎಲೆ ಕಣ್ಣೆದುರಿಗೇ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನಂತರ ಬಿಸಿಗಾಳಿಯಲ್ಲಿ ಶೇಕಡಾ ಮೂರರಷ್ಟು ತೇವ ಉಳಿಯುವವರೆಗೆ ಒಣಗಿಸಿ, ಜರಡಿ ಹಿಡಿದು ದರ್ಜೆ ಮಾಡುತ್ತಾರೆ.

ನಾಲ್ಕರಿಂದ ನಾಲ್ಕೂವರೆ ಕಿಲೋ ಹಸಿ ಎಲೆಗೆ ಒಂದು ಕಿಲೋ ಪುಡಿ. ಇನ್ನೊಂದು ಮುಖ್ಯ ವಿಷಯವೆಂದರೆ, ಕಿತ್ತ ಎಲೆ ಚೀಲದಲ್ಲಿ ಒತ್ತಿಕೊಂಡು ಬಿಸಿಯಾದರೆ ಅಲ್ಲೇ ಕೆಡುತ್ತದೆ. ರಾಗಿಯಂತೆ ಕಣಜಕ್ಕೆ ತುಂಬಿ ಬೆಲೆ ಬರಲಿ ಎಂದು ಕಾಯುವಂತಿಲ್ಲ. ಅಂದೇ ಕಾರ್ಖಾನೆಗೆ ಹಾಕಬೇಕು, ಅವರು ಹೇಳಿದ ಬೆಲೆಗೆ.

ಹಟ್ಟಿಯವರ ಮಾತು

ನೀಲಗಿರಿಯ ಚಹಾ ಎಂದರೆ ದೊಡ್ಡ ಎಸ್ಟೇಟುಗಳು ಮಾತ್ರವೆಂದು ತಿಳಿಯಬೇಡಿರಿ. ಒಂದೆರಡು ಎಕರೆಯ ಹತ್ತಾರು ಸಾವಿರ ಸಣ್ಣ ಬೆಳೆಗಾರರು ಅಲ್ಲಿದ್ದಾರೆ. ಅವರಲ್ಲಿ ಬಹಳ ಮಂದಿ ಬಡಗರು. ಬಡಗಣ ದಿಕ್ಕಿನಿಂದ, ಎಂದರೆ ನಮ್ಮ ಮೈಸೂರು ಕಡೆಯಿಂದ, ಹೋದವರೆಂಬುದು ಅವರ ಹೆಸರಿನಲ್ಲೇ ಇದೆ. ಊರಿಗೆ ಹಟ್ಟಿ ಎನ್ನುತ್ತಾರೆ. ಅವರ ಮಾತನ್ನು ನಿಧಾನವಾಗಿ ಕೇಳಿದರೆ ನಮಗೆ ಅರ್ಧಕ್ಕರ್ಧ ತಿಳಿಯುತ್ತದೆ, ನಮ್ಮದು ಅವರಿಗೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ಕೋತಗಿರಿಯ ಕಡೆಯ ಒಂದು ಹಟ್ಟಿಯಲ್ಲಿ ಹಿರಿಯರೊಬ್ಬರು ನಮ್ಮ ತಂಡಕ್ಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವರ ಅಜ್ಜನ ಕಾಲಕ್ಕೆ ಸಾಮೆ, ರಾಗಿ, ಬಾರ್ಲಿ. ತಂದೆಯ ಕಾಲಕ್ಕೆ ಆಲೂಗಡ್ಡೆ. ಆಲೂಗಡ್ಡೆಗೆ ರೋಗ ಬಿದ್ದು, ಬೆಲೆಯೂ ಕೈಕೊಟ್ಟಾಗ ಚಹಾ ಹಾಕಿದರು. 1990ರ ದಶಕದ ಕೊನೆಯಲ್ಲಿ ಎಲೆಗೆ ಒಳ್ಳೆಯ ಬೆಲೆ ಬಂತು. ತರಕಾರಿ ಹೊಲವೆಲ್ಲ ಚಹಾ ಆಯಿತು. ಎಷ್ಟು ತಂದರೂ ಕಾರ್ಖಾನೆಯವರು ಕೊಳ್ಳುತ್ತಿದ್ದರು, ಹದ ನೋಡುವವರಿರಲಿಲ್ಲ. ಕೈಯಲ್ಲಿ ಕೀಳುವುದನ್ನು ಬಿಟ್ಟು ಕತ್ತರಿ ಹಿಡಿದರು, ಮೂರು ನಾಲ್ಕು ಎಲೆಯೂ ಕಡ್ಡಿಯೂ ಚೀಲ ಸೇರಿದವು. ಪುಡಿಯ ಗುಣ ಇಳಿಯಿತು. 2000ದ ಹೊತ್ತಿಗೆ ಮಾರುಕಟ್ಟೆ ಕುಸಿದಾಗ ಕೊಳ್ಳುವವರು ಮೊದಲು ಕೈಬಿಟ್ಟದ್ದು ಇಂಥ ಪುಡಿಯನ್ನೇ. ಕಿಲೋ ಎಲೆಗೆ ಐದಾರು ರೂಪಾಯಿ ಬಂತು, ಕೀಳುವ ಕೂಲಿಯೂ ಹುಟ್ಟಲಿಲ್ಲ. ಇದರಲ್ಲಿ ತಪ್ಪು ಕಾರ್ಖಾನೆಯದೋ ಬೆಳೆಗಾರನದೋ ಎಂದು ನಮ್ಮ ತಂಡದವರು ಬಸ್ಸಿನಲ್ಲಿ ಕೂನೂರಿನವರೆಗೂ ಜಗಳವಾಡಿದರು. ಇಬ್ಬರದೂ ಇದೆ, ಆದರೆ ಹದ ನೋಡದೆ ತೂಕಕ್ಕೆ ಹಣ ಕೊಟ್ಟವನದು ಹೆಚ್ಚೆಂದು ನನ್ನ ಅಭಿಪ್ರಾಯ.

ಬೆಲೆಯ ಲೆಕ್ಕವನ್ನು ನೀವೇ ಹಾಕಿ ನೋಡಿರಿ. ಕೂನೂರಿನ ಹರಾಜಿನಲ್ಲಿ ಪುಡಿ ಕಿಲೋಗೆ 100 ರೂಪಾಯಿಗೆ ಹೋಯಿತೆಂದು ಇಟ್ಟುಕೊಳ್ಳೋಣ. ಹಂಚಿಕೆಯ ಸೂತ್ರದಂತೆ ಬೆಳೆಗಾರನ ಪಾಲು ನೂರಕ್ಕೆ 65. ಅದನ್ನು ನಾಲ್ಕೂವರೆ ಕಿಲೋ ಎಲೆಗೆ ಹಂಚಿದರೆ ಕಿಲೋ ಎಲೆಗೆ 14 ರೂಪಾಯಿ 44 ಪೈಸೆ. ಅದರಲ್ಲೇ ಕೂಲಿ, ಗೊಬ್ಬರ, ಔಷಧಿ, ಸಾಗಣೆ. 2023ರಲ್ಲಿ ಈ ಹಟ್ಟಿಗಳ ಜನ ಬೆಂಬಲ ಬೆಲೆಗಾಗಿ ಉಪವಾಸ ಕುಳಿತದ್ದು ಸುಮ್ಮನೆ ಅಲ್ಲ. ಸಹಕಾರಿ ಕಾರ್ಖಾನೆಗಳು ಅಲ್ಲಿ ಇವೆ, ಸದಸ್ಯರೇ ಒಡೆಯರು. ಆದರೂ ಹರಾಜಿನ ಬೆಲೆಯನ್ನು ಅವು ಮೀರಲಾರವು.

ಪ್ರತಿ ಸಲವೂ ತಂಡದಲ್ಲಿ ಒಬ್ಬರಾದರೂ, "ಸಾರ್, ನಮ್ಮ ದಿಣ್ಣೆಯಲ್ಲಿ ಇದನ್ನು ಹಾಕಬಹುದೇ?" ಎಂದು ಕೇಳುತ್ತಾರೆ. ಬಯಲುಸೀಮೆಯವರಿಗೆ ನನ್ನ ಉತ್ತರ ಒಂದೇ, ಬೇಡ. ಚಿಕ್ಕಮಗಳೂರು, ಕೊಡಗಿನ ಎತ್ತರದಲ್ಲಿ ಚಹಾ ಇದೆ, ಒಳ್ಳೆಯದೇ ಇದೆ, ಆದರೆ ಕಾರ್ಖಾನೆ ಇರುವ ಕೆಲವೇ ಎಸ್ಟೇಟುಗಳಲ್ಲಿ. ಹವೆ, ಮಣ್ಣು ಒಪ್ಪಿದರೂ ಹತ್ತಿರದಲ್ಲಿ ಕಾರ್ಖಾನೆಯಿಲ್ಲದೆ ಎರಡು ಎಕರೆ ಚಹಾ ಹಾಕುವುದು ಗಾಣವಿಲ್ಲದ ಊರಿನಲ್ಲಿ ಕಬ್ಬು ಹಾಕಿದಂತೆ.

ತರಬಾರದ ವಸ್ತು

ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಯಜಮಾನರೊಬ್ಬರು ನಮ್ಮ ತಂಡದಲ್ಲಿದ್ದರು. ಹಿಂತಿರುಗುವ ದಿನ ಬಸ್ಸಿನ ಸೀಟಿನ ಕೆಳಗೆ ಅರ್ಧ ಚೀಲ ಆಲೂಗಡ್ಡೆ, ಮಣ್ಣು ಮೆತ್ತಿದ್ದು, ಕಂಡಿತು. ದಾರಿಬದಿಯ ಹೊಲದವನಿಂದ ಬಿತ್ತನೆಗೆಂದು ಕೊಂಡಿದ್ದರು. "ಗೆಡ್ಡೆ ಎಷ್ಟು ಚೆನ್ನಾಗಿದೆ ನೋಡಿ ಸಾರ್" ಎಂದು ನನಗೇ ತೋರಿಸಿದರು.

ನೀಲಗಿರಿಯ ಮಣ್ಣಿನಲ್ಲಿ ಆಲೂಗಡ್ಡೆಯ ಬೇರಿಗೆ ಹತ್ತುವ ಒಂದು ಜಂತುಹುಳು ಇದೆ; 1961ರಲ್ಲಿ ಊಟಿಯ ಬಳಿ ಮೊದಲು ಪತ್ತೆಯಾಯಿತು. ಹೆಣ್ಣುಹುಳು ಸತ್ತ ಮೇಲೆ ಅದರ ಮೈಯೇ ಗಟ್ಟಿಯಾದ ಕೋಶವಾಗಿ, ಗಸಗಸೆ ಕಾಳಿಗಿಂತಲೂ ಸಣ್ಣದಾದ ಆ ಕೋಶದೊಳಗೆ ನೂರಾರು ಮೊಟ್ಟೆಗಳು ಉಳಿಯುತ್ತವೆ. ಆಲೂಗಡ್ಡೆಯ ಬೇರಿನ ರಸ ಸೋಕುವವರೆಗೆ ಹತ್ತು, ಇಪ್ಪತ್ತು ವರ್ಷ ಬೇಕಾದರೂ ಮಣ್ಣಿನಲ್ಲಿ ಕಾದಿರುತ್ತವೆ. ಒಮ್ಮೆ ಹೊಲ ಹೊಕ್ಕರೆ ಪೂರ್ತಿ ಹೊರಹಾಕುವ ಉಪಾಯ ಇಂದಿಗೂ ಇಲ್ಲ. ಕುಫ್ರಿ ಸ್ವರ್ಣದಂಥ ನಿರೋಧಕ ತಳಿ, ಬೆಳೆ ಬದಲಾವಣೆ ಇವುಗಳಿಂದ ಹತೋಟಿಯಲ್ಲಿಡಬಹುದು ಅಷ್ಟೆ. ಆದುದರಿಂದಲೇ ನೀಲಗಿರಿಯ ಬಿತ್ತನೆ ಗೆಡ್ಡೆ ಹೊರಗೆ ಹೋಗದಂತೆ 1971ರಲ್ಲೇ ಸರ್ಕಾರ ನಿರ್ಬಂಧ ಹಾಕಿತು.

ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. ಅದು ಚಳಿಯ ಹುಳು, ನಮ್ಮ ಬಿಸಿಲಿಗೆ ಬದುಕೀತೇ ಎಂದರು. ಬದುಕದೆಯೂ ಇರಬಹುದು. ಆದರೆ ಪರೀಕ್ಷೆಗೆ ಹಾಸನ ಜಿಲ್ಲೆಯ ಆಲೂಗಡ್ಡೆ ಹೊಲಗಳನ್ನು ಒಡ್ಡುವ ಹಕ್ಕು ಅವರಿಗೂ ಇಲ್ಲ, ನನಗೂ ಇಲ್ಲ ಎಂದೆ. ಗೂಡಲೂರಿನಲ್ಲಿ ಹೋಟೆಲಿನವನಿಗೆ ಆ ಗೆಡ್ಡೆಯನ್ನು ಪಲ್ಯಕ್ಕೆಂದು ಕೊಟ್ಟು, ಸಿಪ್ಪೆಯನ್ನೂ ತೊಳೆದ ಮಣ್ಣನ್ನೂ ಹೊಲಕ್ಕೆ ಹಾಕಬೇಡವೆಂದು ಹೇಳಿ ಬಂದೆವು. ಬೇರೂರಿದ ಹೂಗಿಡ, ಮಣ್ಣಿನ ಕುಂಡ ಇವುಗಳಿಗೂ ಇದೇ ಎಚ್ಚರಿಕೆ. ತರಕಾರಿ ಹೊಲಕ್ಕೆ ಇಳಿದಿದ್ದರೆ ಚಪ್ಪಲಿ, ಬೂಟಿನ ಮಣ್ಣನ್ನು ಅಲ್ಲೇ ಕೆರೆದು ತೊಳೆದು ಬಸ್ಸು ಹತ್ತಿರಿ.

ತರಬಹುದಾದದ್ದು ಟೀ ಪುಡಿ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಳಿಯಲ್ಲಿ ಚಿಗುರು ನಿಧಾನವಾಗಿ ಬೆಳೆಯುವುದರಿಂದ ಆಗಿನ ಪುಡಿಗೆ ಪರಿಮಳ ಹೆಚ್ಚು. ಕಾರ್ಖಾನೆಯ ಮಳಿಗೆಯಲ್ಲೋ ಸಹಕಾರಿ ಮಳಿಗೆಯಲ್ಲೋ ಕೊಳ್ಳಿರಿ. ದಾರಿಬದಿಯಲ್ಲಿ ಹೆಸರಿಲ್ಲದ ಪೊಟ್ಟಣ ಕೊಂಡು ನಾನೇ ಒಮ್ಮೆ ಮೋಸಹೋಗಿದ್ದೇನೆ. ಮನೆಗೆ ಬಂದು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಉದುರಿಸಿದೆ. ಶುದ್ಧ ಪುಡಿಯಾದರೆ ತಣ್ಣೀರಿಗೆ ಬಣ್ಣ ಬಿಡಲು ತಡವಾಗುತ್ತದೆ. ನನ್ನ ಪುಡಿ ಬಿದ್ದ ಕ್ಷಣವೇ ಕಾಗದದ ತುಂಬ ಕಂದು ಗೆರೆಗಳನ್ನು ಎಳೆಯಿತು. ಆ ಪೊಟ್ಟಣ ಗೊಬ್ಬರದ ಗುಂಡಿಗೂ ಬೇಡವೆಂದು ನಮ್ಮ ಮನೆಯವರು ಬೀದಿಯ ಕಸದ ಗಾಡಿಗೆ ಹಾಕಿದರು.