ರಿಪೇರಿಯಾದದ್ದು ಮತ್ತೆ ಮತ್ತೆ ಕೆಟ್ಟರೆ

"ಹತ್ತು ವರ್ಷ ವಾರಂಟಿ ಇದೆ ಮೇಡಂ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದು ಷೋರೂಮಿನ ಹುಡುಗ ಹೇಳುವುದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಹತ್ತು ವರ್ಷ ಸಾಮಾನ್ಯವಾಗಿ ವಾಷಿಂಗ್ ಮಷೀನಿನಲ್ಲಿ ಮೋಟರಿಗೆ, ಫ್ರಿಜ್ಜು ಮತ್ತು ಏಸಿಯಲ್ಲಿ ಕಂಪ್ರೆಸರಿಗೆ. ಇಡೀ ಯಂತ್ರಕ್ಕೆ ಸಿಗುವುದು ಹೆಚ್ಚಾಗಿ ಒಂದೇ ವರ್ಷ, ಕೆಲವು ಕಂಪನಿಗಳಲ್ಲಿ ಎರಡು. ಕಾರ್ಡಿನ ಹಿಂಬದಿಯ ಸಣ್ಣಕ್ಷರ ಓದಿದರೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ. ಐದನೇ ವರ್ಷ ಕಂಪ್ರೆಸರ್ ಹೋದರೆ ಕಂಪ್ರೆಸರಿಗೆ ಮಾತ್ರ ದುಡ್ಡಿಲ್ಲ. ಅದನ್ನು ಕೂಡಿಸುವ ಕೂಲಿ, ಗ್ಯಾಸ್ ತುಂಬಿಸುವ ಖರ್ಚು, ಮನೆಗೆ ಬಂದು ಹೋದ ಚಾರ್ಜು, ಇವೆಲ್ಲದರ ಮೇಲಿನ ಜಿಎಸ್‌ಟಿ ಹಲವು ಕಂಪನಿಗಳಲ್ಲಿ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಈಗಿನ ಯಂತ್ರಗಳಲ್ಲಿ ಆಗಾಗ ಕೈಕೊಡುವ ಪಿಸಿಬಿ ಬೋರ್ಡು ಮೊದಲ ವರ್ಷ ದಾಟಿದ ಮೇಲೆ ಸಾಮಾನ್ಯವಾಗಿ ವಾರಂಟಿಯೊಳಗೆ ಇರುವುದೇ ಇಲ್ಲ.

ವಾರಂಟಿ ಯಾವತ್ತಿನಿಂದ ಶುರು ಎಂಬುದೂ ತಕರಾರಿನ ವಿಷಯವೇ. ಗೃಹಪ್ರವೇಶ ಎರಡು ತಿಂಗಳಿದೆ ಎನ್ನುವಾಗಲೇ ಆಫರಿನಲ್ಲಿ ಏಸಿ ಕೊಂಡು ಡಬ್ಬಿ ಬಿಚ್ಚದೆ ಇಟ್ಟವರಿಗೆ ಆ ಎರಡು ತಿಂಗಳು ಸುಮ್ಮನೆ ಕಳೆದುಹೋಗುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಗೃಹೋಪಯೋಗಿ ವಸ್ತುಗಳ ತಯಾರಕರಿಗೆ ಪತ್ರ ಬರೆದು, ವಾರಂಟಿಯನ್ನು ಬಿಲ್ಲಿನ ತಾರೀಕಿನ ಬದಲು ಯಂತ್ರ ಕೂರಿಸಿದ ದಿನದಿಂದ ಎಣಿಸಿ ಎಂದು ಕೇಳಿತ್ತು. ಅದು ಪತ್ರವೇ ಹೊರತು ಕಾನೂನಲ್ಲ. ಆದ್ದರಿಂದ ಕೂರಿಸಲು ಬಂದವರಿಂದಲೇ ಕಾರ್ಡಿನ ಮೇಲೆ ತಾರೀಕು ಹಾಕಿಸಿ, ಸಹಿ ಮಾಡಿಸಿಕೊಂಡರೆ ಒಳ್ಳೆಯದು.

ಒಂದು ಸಲ ಕೆಟ್ಟು, ರಿಪೇರಿಯಾಗಿ, ಆಮೇಲೆ ಸರಿಯಾಗಿ ನಡೆಯುವ ಯಂತ್ರದ ಬಗ್ಗೆ ಯಾರೂ ಜಗಳಕ್ಕೆ ಹೋಗುವುದಿಲ್ಲ. ಕಷ್ಟ ಬರುವುದು ತಿಂಗಳಿಗೊಮ್ಮೆ ನಿಲ್ಲುವ ಯಂತ್ರದಿಂದ. ಮೊದಲು ಬೆಲ್ಟ್ ಬದಲಿಸುತ್ತಾರೆ, ಆಮೇಲೆ ಪಿಸಿಬಿ, ಆಮೇಲೆ ಮೋಟರು. "ಬದಲಿಸಿ ಕೊಡಿ" ಎಂದರೆ, "ವಾರಂಟಿಯಲ್ಲಿ ರಿಪೇರಿ ಅಷ್ಟೇ ಮೇಡಂ, ರಿಪ್ಲೇಸ್‌ಮೆಂಟ್ ಇಲ್ಲ" ಎಂಬ ಸಿದ್ಧ ಉತ್ತರ.

ಈ ಉತ್ತರಕ್ಕೆ ಒಂದು ಬೇರಿದೆ. ಮಾರುತಿ ಕಾರೊಂದರ ಕ್ಲಚ್ ದೋಷದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯ ಒಪ್ಪಂದ ಇರುವುದು ಕೆಟ್ಟ ಭಾಗವನ್ನು ಸರಿಪಡಿಸಲು ಅಥವಾ ಬದಲಿಸಲು, ಒಂದು ಭಾಗ ಕೆಟ್ಟಿತೆಂದು ಇಡೀ ಕಾರನ್ನೇ ಬದಲಿಸಿಕೊಡಿ ಎನ್ನಲಾಗದು ಎಂದಿತು. ಕಂಪನಿಗಳ ವಕೀಲರು ಇವತ್ತಿಗೂ ಮೊದಲು ತೆಗೆಯುವುದು ಈ ತೀರ್ಪನ್ನೇ. ಅವರು ಓದಿ ಹೇಳದ ಭಾಗವೆಂದರೆ, ಅದೇ ಪ್ರಕರಣದಲ್ಲಿ ಗ್ರಾಹಕರಿಗೆ 50,000 ರೂಪಾಯಿ ಪರಿಹಾರವೂ ಸಿಕ್ಕಿತ್ತು. ಮುಂದೆ 2010ರಲ್ಲಿ ಫಿಯೆಟ್ ಕಾರಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸ್ವತಂತ್ರ ತಜ್ಞರು ಪರಿಶೀಲಿಸಿ ತಯಾರಿಕೆಯಲ್ಲೇ ದೋಷವಿದೆ ಎಂದರೆ ಬಡ್ಡಿ ಸಮೇತ ಹಣ ವಾಪಸು ಕೊಡಬೇಕು ಎಂದಿತು. ಎರಡನ್ನೂ ಒಟ್ಟಿಗೆ ಓದಿಕೊಂಡರೆ ದಾರಿ ಸ್ಪಷ್ಟ. ಒಂದು ಭಾಗ ಕೆಟ್ಟಿತು ಎಂದಷ್ಟೇ ಹೇಳಿದರೆ ಸಾಲದು. ರಿಪೇರಿ ಮಾಡಿಯೂ ಮಾಡಿಯೂ ದೋಷ ಹೋಗಲಿಲ್ಲ ಎಂದು ತೋರಿಸಬೇಕು.

ಗ್ರಾಹಕರ ಸಂರಕ್ಷಣಾ ಕಾಯ್ದೆ 2019, ಅಂದರೆ 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದು 2020ರ ಜುಲೈ 20ರಿಂದ ಜಾರಿಯಲ್ಲಿರುವ ಕಾನೂನು, ಎರಡು ತಪ್ಪುಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ವಸ್ತುವಿನಲ್ಲಿರುವುದು ದೋಷ, ಸೇವೆಯಲ್ಲಿರುವುದು ನ್ಯೂನತೆ. ದೂರು ಕೊಡುವವರಲ್ಲಿ ಅನೇಕರು ತಯಾರಿಕಾ ದೋಷವನ್ನೇ ಹಿಡಿದುಕೊಂಡು ಕೂರುತ್ತಾರೆ, ಅದನ್ನು ಸಾಬೀತು ಮಾಡಲು ಬೇಕಾದ ತಜ್ಞರ ವರದಿ ಇಲ್ಲದೆ ಸೋಲುತ್ತಾರೆ. ವಾರಗಟ್ಟಲೆ ಮೆಕ್ಯಾನಿಕ್ ಬಾರದಿರುವುದು, ಬಂದರೂ ಸರಿ ಮಾಡದೆ ಹೋಗುವುದು, ಭಾಗ ಸ್ಟಾಕಿಲ್ಲ ಎಂದು ತಿಂಗಳು ತಳ್ಳುವುದು ಸೇವಾ ನ್ಯೂನತೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ತಾರೀಕುಗಳು ಸಾಕು. ದೂರಿನಲ್ಲಿ ಎರಡನ್ನೂ ಬರೆಯಬೇಕು.

ತಾರೀಕು ಎಲ್ಲಿಂದ ತರುವುದು? ಇಲ್ಲೇ ಮುಕ್ಕಾಲು ಪಾಲು ಜನ ಕೈಚೆಲ್ಲುವುದು. ಮೆಕ್ಯಾನಿಕ್ ಬರುತ್ತಾನೆ, ಹಿಂಬದಿಯ ಮುಚ್ಚಳ ಬಿಚ್ಚಿ ಏನೋ ಒತ್ತುತ್ತಾನೆ, ಡ್ರಮ್ಮು ನಾಲ್ಕು ಸುತ್ತು ತಿರುಗುತ್ತದೆ. "ಓಟಿಪಿ ಬಂದಿರತ್ತೆ ನೋಡಿ ಮೇಡಂ, ಹೇಳ್ಬಿಡಿ" ಎನ್ನುತ್ತಾನೆ. ನೀವು ನಾಲ್ಕಂಕಿ ಹೇಳಿದ ಕ್ಷಣಕ್ಕೆ ಕಂಪನಿಯ ಕಂಪ್ಯೂಟರಿನಲ್ಲಿ ನಿಮ್ಮ ದೂರು ಬಗೆಹರಿದಿದೆ, ಗ್ರಾಹಕರು ತೃಪ್ತರಾಗಿದ್ದಾರೆ ಎಂದು ದಾಖಲಾಗುತ್ತದೆ. ಆ ಹುಡುಗನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವನಿಗೆ ದಿನಕ್ಕೆ ಇಷ್ಟು ದೂರು ಮುಗಿಸಬೇಕೆಂಬ ಒತ್ತಡ. ಆದರೆ ಯಂತ್ರ ಒಂದು ಪೂರ್ತಿ ಸುತ್ತು ಬಟ್ಟೆ ಒಗೆದು, ಹಿಂಡಿ ಮುಗಿಸುವ ತನಕ ಓಟಿಪಿ ಕೊಡಬೇಡಿ. ಭಾಗ ತರುತ್ತೇನೆಂದು ಹೇಳಿ ಹೊರಟವನಿಗಂತೂ ಕೊಡಲೇಬೇಡಿ.

ಜಾಬ್ ಶೀಟ್ ಕೇಳಿ ಪಡೆಯಿರಿ. ಕಾಗದ ಕೊಡುವುದಿಲ್ಲ, ಎಲ್ಲ ಆ್ಯಪಿನಲ್ಲಿ ಎಂದರೆ ಅವನ ಮೊಬೈಲಿನ ಪರದೆಯ ಫೋಟೊ ತೆಗೆದುಕೊಳ್ಳಿ. ಅದರಲ್ಲಿ "ಚೆಕ್ಡ್, ಓಕೆ" ಎಂದಷ್ಟೇ ಇದ್ದರೆ ಒಪ್ಪಬೇಡಿ. ಡ್ರಮ್ ತಿರುಗುತ್ತಿರಲಿಲ್ಲ, ಪಿಸಿಬಿ ಬದಲಿಸಲಾಯಿತು ಎಂದು ಬರೆಯಿಸಿ. ಏಕೆಂದರೆ "ಓಕೆ" ಎಂದು ಬರೆದ ನಾಲ್ಕು ಚೀಟಿ ಗ್ರಾಹಕ ಆಯೋಗದ ಮುಂದೆ ಹೋದರೆ, ಯಂತ್ರ ಚೆನ್ನಾಗಿತ್ತು, ಗ್ರಾಹಕರಿಗೆ ಬಳಸಲು ಬರಲಿಲ್ಲ ಎಂಬ ವಾದಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ. ಫೋನಿನಲ್ಲಿ ದೂರು ಕೊಟ್ಟಾಗ ಬರುವ ಎಸ್ಸೆಮ್ಮೆಸ್ಸನ್ನು ಅಳಿಸಬೇಡಿ. ಯಂತ್ರ ನಿಂತಾಗ ಪರದೆಯ ಮೇಲೆ ಬರುವ ಎರರ್ ಕೋಡ್ ಕಾಣುವಂತೆ ಅರ್ಧ ನಿಮಿಷದ ವಿಡಿಯೊ ತೆಗೆದಿಟ್ಟುಕೊಳ್ಳಿ. ಬದಲಿಸಿದ ಭಾಗದ ಹೆಸರು, ಬಂದವರ ಹೆಸರು, ದೂರಿನ ಸಂಖ್ಯೆ, ತಾರೀಕು ಇಷ್ಟನ್ನು ಮನೆಯ ಕ್ಯಾಲೆಂಡರಿನ ಮೇಲೆ ಗೀಚಿಟ್ಟರೂ ನಡೆಯುತ್ತದೆ.

ಕಂಪನಿಯ ನೆಪಗಳು ಹೆಚ್ಚು ಕಡಿಮೆ ಮೂರು ನಾಲ್ಕೇ. ಮೊದಲನೆಯದು ವೋಲ್ಟೇಜ್. ನಿಮ್ಮೂರಲ್ಲಿ ಕರೆಂಟು ಏರುಪೇರಾಗಿ ಬೋರ್ಡು ಸುಟ್ಟಿದೆ ಎನ್ನುತ್ತಾರೆ. ಸ್ಟೆಬಿಲೈಜರ್ ಇದ್ದರೆ ಅದರ ಬಿಲ್ಲು ಜೊತೆಗಿಡಿ. ಅದೇ ಮನೆಯ ಟೀವಿ, ಫ್ಯಾನು, ಮಿಕ್ಸಿ ಯಾವುದಕ್ಕೂ ಏನೂ ಆಗಿಲ್ಲ ಎಂಬುದೂ ಉತ್ತರವೇ. ಎರಡನೆಯದು ಗಡಸು ನೀರು. ಗೀಸರಿನ ಕಾಯಿಲ್ ಸುಟ್ಟರೆ ಬೆಂಗಳೂರಿನಲ್ಲಿ ಮೊದಲು ಕೇಳಿಬರುವ ಮಾತು ಇದು. ಅರ್ಧ ಊರು ಬೋರ್‌ವೆಲ್ ನೀರಿನಲ್ಲೇ ಬದುಕುತ್ತಿದೆ ಎಂದು ಗೊತ್ತಿದ್ದೂ ಅಲ್ಲಿ ಮಳಿಗೆ ಹಾಕಿ ಮಾರಿ, ಆಮೇಲೆ ನೀರಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಕಾರ್ಡಿನಲ್ಲಿ ನೀರಿನ ಷರತ್ತು ಅಚ್ಚಾಗಿದ್ದರೆ ಕಂಪನಿಗೆ ಹಿಡಿಯಲು ಒಂದು ಕೊಂಬೆ ಸಿಗುತ್ತದೆ. ಮೂರನೆಯದು ಇಲಿ, ಹಲ್ಲಿ, ಜಿರಳೆ. ನಾಲ್ಕನೆಯದು ಹೊರಗಿನ ಮೆಕ್ಯಾನಿಕ್ ಕೈ ಹಾಕಿದ್ದಾನೆ ಎಂಬುದು. ಇದು ನಿಜವಾಗಿದ್ದರೆ ವಾದ ನಿಜಕ್ಕೂ ದುರ್ಬಲವಾಗುತ್ತದೆ. ವಾರಂಟಿ ಇರುವ ತನಕ ಬೀದಿಯಂಚಿನ ಅಂಗಡಿಯವರು ಎಷ್ಟೇ ಪರಿಚಯಸ್ಥರಾಗಿರಲಿ, ಯಂತ್ರದ ಮುಚ್ಚಳ ಬಿಚ್ಚಿಸಬೇಡಿ.

ಇನ್ನು ದೂರಿನ ಮೆಟ್ಟಿಲುಗಳು. ಕಸ್ಟಮರ್ ಕೇರಿಗೆ ಹತ್ತು ಸಲ ಫೋನ್ ಮಾಡುವುದಕ್ಕಿಂತ ಒಂದು ಇಮೇಲ್ ಮೇಲು. ಯಂತ್ರದ ಸೀರಿಯಲ್ ನಂಬರು, ಕೊಂಡ ತಾರೀಕು, ಪ್ರತಿ ರಿಪೇರಿಯ ವಿವರ, ಮತ್ತು ನಿಮಗೇನು ಬೇಕು, ಹೊಸ ಯಂತ್ರವೋ ಹಣವೋ, ಇಷ್ಟು ಬರೆಯಿರಿ. ಆನ್‌ಲೈನಿನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಅಂಗಡಿಯಲ್ಲಿ ಕೊಂಡಿದ್ದರೆ "ನಮ್ದೇನಿಲ್ಲ ಸಾರ್, ಕಂಪನಿಗೆ ಫೋನ್ ಮಾಡಿ" ಎಂಬ ಮಾತಿಗೆ ಮಣಿಯಬೇಡಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯಲ್ಲಿ, ಏನೂ ನಮೂದಿಸದಿದ್ದರೆ 30 ದಿನದಲ್ಲಿ, ವಾಪಸು ಪಡೆದು ಹಣ ಕೊಡಲು ಒಲ್ಲೆ ಎನ್ನುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಹಾಗೆಯೇ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅವರು ಕಂಪನಿಗೆ ಆದೇಶ ಕೊಡುವವರಲ್ಲ. ನಿಮ್ಮ ದೂರನ್ನು ಕಂಪನಿಯ ಮೇಲಿನವರ ಮೇಜಿಗೆ ಮುಟ್ಟಿಸುವವರು. ಅಷ್ಟರಿಂದಲೇ ಕೆಲಸವಾಗುವುದುಂಟು. ಆಗದಿದ್ದರೆ ಹದಿನೈದು ದಿನ ಗಡುವು ಕೊಟ್ಟು ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸು ಕಳಿಸಿ. ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲ, ವಕೀಲರ ಲೆಟರ್‌ಹೆಡ್ಡೂ ಬೇಕಿಲ್ಲ. ಆದರೆ ನೋಟಿಸಿಗೂ ಉತ್ತರ ಕೊಡದ ಕಂಪನಿಯ ಬಗ್ಗೆ ಆಯೋಗಕ್ಕೆ ಒಳ್ಳೆಯ ಅಭಿಪ್ರಾಯ ಬರುವುದು ಕಷ್ಟ.

ಕೊನೆಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ದೂರು ಇಲ್ಲಿಗೇ ಬರುತ್ತದೆ, ಹಾಗಾಗಿ ಮನೆಬಳಕೆಯ ಯಂತ್ರಗಳೆಲ್ಲ ಇಲ್ಲಿಗೇ. ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕ ಒಂದು ರೂಪಾಯಿಯೂ ಇಲ್ಲ. 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರವೆಂದರೆ ನೀವಿರುವ ಊರಿನಲ್ಲೇ ದೂರು ಹಾಕಬಹುದು. ಕಂಪನಿ ಗುರುಗ್ರಾಮದಲ್ಲಿರಲಿ, ರಾಯಚೂರಿನವರು ರಾಯಚೂರಿನಲ್ಲೇ ಹಾಕಬಹುದು. 2025ರ ಜನವರಿ 1ರಿಂದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ವ್ಯವಸ್ಥೆ ಇದೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಇಟ್ಟುಕೊಳ್ಳಲು ಮನಸ್ಸಿದ್ದು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ದೂರಿನಲ್ಲಿ ಮಾರಿದ ಅಂಗಡಿ ಮತ್ತು ತಯಾರಿಸಿದ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬಿಟ್ಟವರ ಕಡೆ ಬೆರಳು ತೋರಿಸುತ್ತಾರೆ. ಬಿಲ್ಲು, ಕಾರ್ಡು, ಜಾಬ್ ಶೀಟುಗಳ ಜೊತೆ ಪ್ರಮಾಣಪತ್ರ (ಅಫಿಡವಿಟ್) ಸೇರಿಸಿ. ಬಿಲ್ಲು ಅಪ್ಪನ ಹೆಸರಿನಲ್ಲಿದ್ದು, ಫ್ರಿಜ್ಜು ಮದುವೆಯಾಗಿ ಹೋದ ಮಗಳ ಮನೆಯಲ್ಲಿದ್ದರೆ ಮಗಳೇ ದೂರು ಕೊಡಬಹುದು, ಏಕೆಂದರೆ ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ವ್ಯಾಪಾರಕ್ಕೆಂದು ಕೊಂಡವರಿಗೆ ಈ ಕಾಯ್ದೆ ಇಲ್ಲ. ಆದರೆ ಗ್ರೈಂಡರ್ ಇಟ್ಟುಕೊಂಡು ತಾನೇ ಇಡ್ಲಿ ಹಿಟ್ಟು ರುಬ್ಬಿ ಮಾರಿ ಹೊಟ್ಟೆ ಹೊರೆಯುವ ಹೆಂಗಸು ವ್ಯಾಪಾರಿಯ ಲೆಕ್ಕಕ್ಕೆ ಬರುವುದಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕಾಯ್ದೆ ವಿನಾಯಿತಿ ಕೊಟ್ಟಿದೆ.

ಎದುರುದಾರರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದರಾಚೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗ ಯಂತ್ರವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು; ಅದರ ಶುಲ್ಕ ಮೊದಲು ಕಟ್ಟುವವರು ದೂರುದಾರರೇ. ಆದ್ದರಿಂದ ಕೇಸು ಮುಗಿಯುವ ಮುನ್ನ ದಸರಾ ಆಫರಿನಲ್ಲಿ ಆ ಯಂತ್ರವನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡಬೇಡಿ. ಕಂತಿನ ಮೇಲೆ ಕೊಂಡವರು ಸಿಟ್ಟಿಗೆ ಇಎಂಐ ನಿಲ್ಲಿಸುವುದೂ ಬೇಡ. ಸಾಲ ಕೊಟ್ಟವರ ಜೊತೆಗಿನ ಒಪ್ಪಂದ ಬೇರೆ, ಸಿಬಿಲ್ ಅಂಕ ಬಿದ್ದರೆ ನಷ್ಟ ನಿಮಗೆ.

ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಎಷ್ಟೋ ಪ್ರಕರಣಗಳು ಅದನ್ನು ದಾಟುತ್ತವೆ, ಆ ತಾಳ್ಮೆ ಇಟ್ಟುಕೊಂಡೇ ಹೊರಡಬೇಕು. ಗೆದ್ದರೆ ಆಯೋಗ ದೋಷ ಸರಿಪಡಿಸಲು, ಹೊಸದನ್ನು ಕೊಡಲು, ಬಡ್ಡಿ ಸಮೇತ ಹಣ ಮರಳಿಸಲು, ಜೊತೆಗೆ ಪರಿಹಾರ ಮತ್ತು ಖರ್ಚು ಕೊಡಲು ಆದೇಶಿಸಬಹುದು. ಇಪ್ಪತ್ತು ಸಾವಿರದ ಯಂತ್ರಕ್ಕೆ ಹತ್ತು ಲಕ್ಷ ಮಾನಸಿಕ ಯಾತನೆಯ ಪರಿಹಾರ ಕೇಳಿದರೆ ಹತ್ತು ಲಕ್ಷ ಸಿಗುವುದಿಲ್ಲ, ದೂರಿನ ಗಾಂಭೀರ್ಯವಷ್ಟೇ ಕಡಿಮೆಯಾಗುತ್ತದೆ. ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ, ಆದೇಶದ ಮೊತ್ತದ ಅರ್ಧ ಕಟ್ಟಿಯೇ ಹೋಗಬೇಕು. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ.

ದೂರು ಕೊಡಲು ಇರುವ ಗಡುವು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಆದರೆ "ಕಂಪನಿಯವರು ಇವತ್ತು ಬರ್ತೀವಿ, ನಾಳೆ ಬರ್ತೀವಿ ಅಂದ್ರು" ಎಂಬುದನ್ನು ತಕ್ಕ ಕಾರಣವೆಂದು ಒಪ್ಪಿಯೇ ಒಪ್ಪುತ್ತಾರೆಂದು ನಂಬಿ ಕೂರಬೇಡಿ. ಬಿಲ್ಲು ಹುಡುಕಿ ತಾರೀಕು ನೋಡಿ, ಥರ್ಮಲ್ ಕಾಗದದ ಬಿಲ್ಲಾದರೆ ಅಕ್ಷರ ಮಾಸುವ ಮೊದಲು ಜೆರಾಕ್ಸ್ ಮಾಡಿಸಿಡಿ.